ಮುತ್ತಜ್ಜನ ಹೆಸರು ಉರ್ದುವಿನಲ್ಲಿದೆ

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ತಂದೆ ಯಾರು? ಮೂರನೆಯ ಗೋವಿಂದ. ಅಜ್ಜ? ಧ್ರುವ. ಚುರುಕಾದ ಹುಡುಗ ಥಟ್ಟನೆ ಹೇಳುತ್ತಾನೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಲ್ಲಂತೂ ‘ರಾಯ ಅಶೋಕ’ ಎಂದು ಹೆಸರು ಕೊರೆದ ಶಿಲ್ಪವೇ ಸಿಕ್ಕಿದೆ. ಇನ್ನು ಅದೇ ಹುಡುಗನನ್ನು ‘ನಿನ್ನ ಮುತ್ತಜ್ಜನ ಹೆಸರೇನಪ್ಪಾ?’ ಎಂದು ಕೇಳಿ. ಅವನು ಅಪ್ಪನ ಮುಖ ನೋಡುತ್ತಾನೆ, ಅಪ್ಪ ಅಜ್ಜಿಯ ಮುಖ ನೋಡುತ್ತಾನೆ.

ಅಮೆರಿಕದಲ್ಲಿ ವಲಸೆ ಬಂದ ಹಿರಿಯರನ್ನು ಹುಡುಕುವುದು ಮನೆಮನೆಯ ಹವ್ಯಾಸ. ಅಲ್ಲಿ ಜನಗಣತಿಯ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. 1950ರ ಗಣತಿ ತೆರೆದದ್ದು 2022ರ ಏಪ್ರಿಲ್‌ನಲ್ಲಿ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಆ ಹಾಳೆಗಳನ್ನು ಯಾರಿಗೂ ತೋರಿಸುವಂತಿಲ್ಲ. ಹೀಗಾಗಿ ಕಲಬುರಗಿ ಸೀಮೆಯವರು ಹಿರಿಯರನ್ನು ಹುಡುಕಬೇಕಾದ್ದು ಹೊಲದ ಕಾಗದದಲ್ಲಿ.

ಇದು ಬರೀ ಕುತೂಹಲವಲ್ಲ. ಜಾತಿ ಪ್ರಮಾಣಪತ್ರಕ್ಕೆ ತಕರಾರು ಬಂದಾಗ ಹಳೆಯ ಕಾಗದವೇ ಆಧಾರ. ನೆರೆಯ ಮರಾಠವಾಡದಲ್ಲಿ 2023ರಿಂದ ನಿಜಾಮ ಕಾಲದ ದಫ್ತರಗಳಲ್ಲಿ ‘ಕುಣಬಿ’ ಎಂಬ ಒಂದು ಪದವನ್ನು ಹುಡುಕಲು ಸರ್ಕಾರವೇ ಸಮಿತಿ ನೇಮಿಸಿತು. 371ಜೆ ಕಲಮಿನಡಿ ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ. ಅದಕ್ಕೆ ಮುತ್ತಜ್ಜನವರೆಗೆ ಹೋಗಬೇಕಿಲ್ಲ, ನಿಜ. ಆದರೆ ಅಪ್ಪ ದುಡಿಯಲು ಮುಂಬೈಗೋ ಹೈದರಾಬಾದಿಗೋ ಹೋಗಿ ಮಗು ಅಲ್ಲೇ ಹುಟ್ಟಿದ್ದರೆ, ಮನೆಯ ಹಳೆಯ ಟ್ರಂಕು ತೆರೆಯದೆ ಗತಿಯಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಮೊದಲು ಕೇಳಬೇಕಾದ್ದು 1954–55ರ ಖಾಸ್ರಾ ಪಹಣಿ. ಗುಲಬರ್ಗಾ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೂ ಹಿಂದಕ್ಕೆ ಹೋದರೆ ಎರಡು ತೊಡಕು. ಒಂದು, ವರ್ಷ. ನಿಜಾಮರ ಕಾಗದದಲ್ಲಿ ಇರುವುದು ಫಸಲಿ ಸನ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದಾದರೆ 590 ಕೂಡಿಸಬೇಕು, ಆಮೇಲಿನದಾದರೆ 591. ಜಾಗೀರು ರದ್ದತಿ ಕಾಯ್ದೆಯ ಹೆಸರಿನಲ್ಲಿ 1358 ಎಂದಿದೆ. ಅದು ಬಂದದ್ದು 1949ರ ಆಗಸ್ಟ್‌ನಲ್ಲಿ. ಕೂಡಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ.

ಎರಡನೆಯ ತೊಡಕು ಲಿಪಿ. ಹೈದರಾಬಾದಿನ ಆಡಳಿತದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂದದ್ದು 1884ರಲ್ಲಿ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ‘ಳ’ಕಾರ, ‘ಣ’ಕಾರಗಳಿಗೆ ಅಕ್ಷರವಿಲ್ಲ. ಬ, ಪ, ತ ಮೂರಕ್ಕೂ ಗೆರೆ ಒಂದೇ, ಚುಕ್ಕೆಯಲ್ಲಷ್ಟೇ ವ್ಯತ್ಯಾಸ. ಅವಸರದ ಗುಮಾಸ್ತ ಚುಕ್ಕೆ ಬಿಟ್ಟನೋ, ಬಸಪ್ಪನನ್ನು ದೇವರೇ ಗುರುತಿಸಬೇಕು. ಹಳೆಯ ಇಂಗ್ಲಿಷ್ ಗೆಜೆಟಿಯರಿನಲ್ಲಿ ಸೇಡಂ ಊರೇ ‘ಸೇರಂ’ ಆಗಿಬಿಟ್ಟಿದೆ! ಆದ್ದರಿಂದ ಹೆಸರಿನ ಬೆನ್ನು ಹತ್ತುವ ಬದಲು ಸರ್ವೆ ನಂಬರಿನ ಬೆನ್ನು ಹತ್ತುವುದು ಜಾಣತನ.

ಹೊಲವಿಲ್ಲದವರ ಪಾಡೇನು? ಪಹಣಿಯಲ್ಲಿ ಅವರಿಲ್ಲ. ಚಿಂಚೋಳಿಯ ತಾಂಡಾಗಳಲ್ಲಿ, ಶಹಾಬಾದಿನ ಕಲ್ಲುಗಣಿ ಕಾರ್ಮಿಕರ ಮನೆಗಳಲ್ಲಿ ಅಂಥವರೇ ಬಹಳ. ಅವರಿಗೆ ಹಳೆಯ ಶಾಲೆಯ ದಾಖಲಾತಿ ರಿಜಿಸ್ಟರೇ ಆಸರೆ. ವಾಡಿಯ ಮನೆತನಗಳಿಗೆ ಇನ್ನೊಂದು ದಾರಿಯುಂಟು: 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ವಾಡಿಗೆ ಬಂದ ಮೇಲೆ ಅದು ಜಂಕ್ಷನ್ ಆಯಿತು. ಹಿರಿಯರು ರೈಲ್ವೆ ನೌಕರರಾಗಿದ್ದರೆ ಸೇವಾ ಪುಸ್ತಕವೋ ಪಿಂಚಣಿ ಕಾಗದವೋ ಮನೆಯಲ್ಲೇ ಇದ್ದೀತು. ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರು ಬಂದರೆ ಕಾಳು ಕೊಟ್ಟು ಕಳಿಸಿಬಿಡಬೇಡಿ, ಕೂರಿಸಿ ಬರೆದುಕೊಳ್ಳಿ.

ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾಯಿತು. ಆದರೆ ಯಂತ್ರ ಚಿತ್ರ ತೆಗೆದೀತೇ ಹೊರತು ಓದಿ ಹೇಳದು. 1948ಕ್ಕೆ ಮೊದಲು ಉರ್ದು ಮಾಧ್ಯಮದಲ್ಲಿ ಕಲಿತ ಅಜ್ಜಂದಿರಿಗೆ ಈಗ 85 ದಾಟಿದೆ. ಅಂಥವರು ಓಣಿಯಲ್ಲಿದ್ದರೆ ಕಾಗದ ಹಿಡಿದು ಇಂದೇ ಹೋಗಿ. ‘ವಲ್ದ್’ ಎಂಬ ಪದ ಎಲ್ಲಿದೆ ಎಂದು ಕೇಳಿ. ಹಾಗೆಂದರೆ ‘ಇವರ ಮಗ’. ಅದರ ಮುಂದಿರುವ ಹೆಸರು ಮುತ್ತಜ್ಜನ ಅಪ್ಪನದು.