ಜಿಲೆಟಿನ್ ಲೆಕ್ಕ ತಪ್ಪುವುದು ಎಲ್ಲಿ?

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಜನ ಭೂಕಂಪವೆಂದು ಹೆದರಿ ಮನೆಯಿಂದ ಹೊರಗೆ ಓಡಿಬಂದಿದ್ದರು. ಸಿಡಿದದ್ದು ಹುಣಸೋಡಿನ ಕ್ರಷರ್ ಬಳಿ ವಾಹನದಲ್ಲಿದ್ದ ಸ್ಫೋಟಕ. ಮರುತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿ ಸಿಡಿದು ಆರು ಮಂದಿ ಸತ್ತರು. ಪೊಲೀಸರಿಗೆ ಹೆದರಿ ಬಚ್ಚಿಟ್ಟಿದ್ದನ್ನು ಸಾಗಹಾಕಲು ಹೋದಾಗ ಅನಾಹುತವಾಯಿತು ಎಂಬ ವಿವರಣೆ ಆಗ ಬಂತು.

ಸ್ಫೋಟಕಕ್ಕೆ ಲೈಸೆನ್ಸ್ ಕೊಡುವವರು ಪೊಲೀಸರು ಎಂದು ಅನೇಕರು ತಿಳಿದಿದ್ದಾರೆ. ಅಲ್ಲ. ಕ್ವಾರಿಗೆ ಬೇಕಾದ ದೊಡ್ಡ ದಾಸ್ತಾನಿಗೆ ಅದನ್ನು ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಆಧಾರ 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳು. ಅದಕ್ಕೂ ಮೊದಲು ಜಿಲ್ಲಾಧಿಕಾರಿಯ ನಿರಾಕ್ಷೇಪಣಾ ಪತ್ರ ಬೇಕು. ಜಿಲ್ಲಾಧಿಕಾರಿ ಎಸ್‌ಪಿಯಿಂದ ವರದಿ ಕೇಳುತ್ತಾರೆ. ಅರ್ಜಿದಾರನ ಹಿನ್ನೆಲೆ, ಮದ್ದು ಇಡುವ ಜಾಗ ಎಲ್ಲವನ್ನೂ ಠಾಣೆಯವರು ನೋಡಬೇಕಾದದ್ದು ಈ ಹಂತದಲ್ಲಿ.

ಆಮೇಲೆ ಕಾಗದಗಳ ಸಾಲು. ಮದ್ದು ಇಡಲು ಊರಿನಿಂದ ದೂರ ಮ್ಯಾಗಜಿನ್, ಸಾಗಿಸಲು ಲೈಸೆನ್ಸ್ ಇರುವ ವ್ಯಾನ್, ಪ್ರತಿ ಲೋಡಿಗೂ ಪಾಸ್, ಬಂದದ್ದು ಹೋದದ್ದಕ್ಕೆ ರಿಜಿಸ್ಟರ್. ಕಡ್ಡಿ ಕಳವಾದರೆ ಠಾಣೆಗೆ ಕೂಡಲೇ ತಿಳಿಸಬೇಕು. ಮ್ಯಾಗಜಿನ್ ಬಾಗಿಲವರೆಗೆ ಈ ಕಾವಲು ಬಿಗಿಯಾಗಿಯೇ ಇದೆ.

ಸೋರುವುದು ಬಾಗಿಲು ದಾಟಿದ ಮೇಲೆ. ನೂರು ಕಡ್ಡಿ ಒಯ್ದು, ಎಂಬತ್ತನ್ನು ಕುಳಿಗಿಳಿಸಿ, ನೂರೂ ಖರ್ಚಾಯಿತೆಂದು ಬರೆದರೆ ಕೇಳುವವರಾರು? ಬಂಡೆ ಒಡೆದು ಚೂರಾಗಿರುತ್ತದೆ, ಸಾಕ್ಷಿ ಹೇಳುವುದಿಲ್ಲ. ಉಳಿದ ಇಪ್ಪತ್ತು ಲೈಸೆನ್ಸ್ ಇಲ್ಲದ ಪಕ್ಕದ ಕ್ವಾರಿಗೋ, ಬಾವಿ ತೋಡುವವನಿಗೋ, ಹೊಳೆಯಲ್ಲಿ ಮೀನು ಹಿಡಿಯುವವನಿಗೋ ಸೇರುತ್ತದೆ. ಹಾಗಾಗಿ ರಿಜಿಸ್ಟರಿಗೆ ಸಹಿ ಹಾಕಿ ಬರುವ ತಪಾಸಣೆಯಿಂದ ಪ್ರಯೋಜನ ಕಡಿಮೆ. ಎಷ್ಟು ಕುಳಿ ಕೊರೆದರು, ಎಷ್ಟು ಲೋಡು ಕಲ್ಲು ಹೊರಗೆ ಹೋಯಿತು, ಗಣಿ ಇಲಾಖೆಗೆ ಎಷ್ಟು ರಾಜಧನ ಕಟ್ಟಿದರು ಎಂಬುದನ್ನು ಖರ್ಚು ಬರೆದ ಕಡ್ಡಿಗಳ ಜೊತೆ ತಾಳೆ ನೋಡಿದರೆ ಸುಳ್ಳು ಬಯಲಾಗುತ್ತದೆ. ಆದರೆ ಈ ಲೆಕ್ಕಗಳು ಬೇರೆ ಬೇರೆ ಇಲಾಖೆಗಳಲ್ಲಿವೆ. ಒಂದೇ ಮೇಜಿಗೆ ಬರುವುದು ಸಾಮಾನ್ಯವಾಗಿ ಸ್ಫೋಟವಾದ ಮೇಲೆ.

ಸಿಕ್ಕಿಬಿದ್ದರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ ಕಟುವಾಗಿದೆ. ಅನುಮಾನ ಬರುವ ಸನ್ನಿವೇಶದಲ್ಲಿ ಮದ್ದು ಇಟ್ಟುಕೊಂಡವನೇ ಅದು ಕಾನೂನುಬದ್ಧ ಉದ್ದೇಶಕ್ಕೆಂದು ತೋರಿಸಬೇಕು. ಆದರೆ ಜಿಲ್ಲಾ ದಂಡಾಧಿಕಾರಿಯ ಒಪ್ಪಿಗೆಯಿಲ್ಲದೆ ನ್ಯಾಯಾಲಯ ಈ ಕಾಯ್ದೆಯಡಿ ವಿಚಾರಣೆ ನಡೆಸುವಂತಿಲ್ಲ. ಆ ಪತ್ರ ತರಿಸಿಕೊಳ್ಳುವಲ್ಲಿ ತನಿಖಾಧಿಕಾರಿ ಎಡವಿದರೆ ಪ್ರಕರಣವೇ ಕುಂಟುತ್ತದೆ.

ವಶಪಡಿಸಿಕೊಂಡ ಮದ್ದು ಇನ್ನೊಂದು ತಲೆನೋವು. ಠಾಣೆ ಮ್ಯಾಗಜಿನ್ ಅಲ್ಲ. 2025ರ ನವೆಂಬರಿನಲ್ಲಿ ಶ್ರೀನಗರದ ನೌಗಾಮ್ ಠಾಣೆಯಲ್ಲಿ ಇಂಥ ದಾಸ್ತಾನು ಸಿಡಿದು ಒಂಬತ್ತು ಮಂದಿ ಸತ್ತರು. ಪರೀಕ್ಷೆಗೆ ಮಾದರಿ ತೆಗೆಯುವ ಕೆಲಸ ಆಗ ನಡೆದಿತ್ತು. ಬಾಂಬ್ ನಿಷ್ಕ್ರಿಯ ದಳವನ್ನು ಸ್ಥಳಕ್ಕೇ ಕರೆಸುವುದು, ಮಾದರಿಯಷ್ಟೇ ಉಳಿಸಿ ಮಿಕ್ಕಿದ್ದನ್ನು ನ್ಯಾಯಾಲಯದ ಆದೇಶ ಪಡೆದು ಬೇಗ ನಾಶಮಾಡಿಸುವುದು ಸುರಕ್ಷಿತ.

ತೋಟದ ಬದಿಯಲ್ಲೋ ಹಳೆ ಕ್ವಾರಿಯಲ್ಲೋ ಕಡ್ಡಿ, ವೈರು ಅಂಟಿದ ಸಣ್ಣ ಲೋಹದ ಕೊಳವೆ ಕಂಡರೆ ಮುಟ್ಟಬೇಡಿ, ಡಿಟೋನೇಟರ್ ಆಗಿರಬಹುದು. ಫೋಟೊ ತೆಗೆಯಲೂ ಹತ್ತಿರ ಹೋಗದೆ, ದೂರ ಸರಿದು 112ಕ್ಕೆ ಕರೆ ಮಾಡಿ.