ಹೊಸ ಒಡಂಬಡಿಕೆ ಬಂತು, ಹಾಗಾದ್ರೆ ಹಳೇದು ರದ್ದಾಯ್ತಾ?



ಕನ್ನಡ ಬೈಬಲ್ ತೆರೆದ್ರೆ ಎರಡು ಭಾಗ ಕಾಣುತ್ತೆ: ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ. ಹಳೇದ್ರಲ್ಲಿ ಪ್ರೊಟೆಸ್ಟಂಟರ ಲೆಕ್ಕಕ್ಕೆ 39 ಪುಸ್ತಕ, ಕ್ಯಾಥೊಲಿಕರ ಲೆಕ್ಕಕ್ಕೆ 46. ಹೊಸದ್ರಲ್ಲಿ ಇಬ್ಬರಿಗೂ 27. ಆದ್ರೆ ಒಡಂಬಡಿಕೆ ಅಂದ್ರೆ ಬರೀ ಪುಸ್ತಕದ ಹೆಸರಲ್ಲ, ಕರಾರು. ಯಾರ್ಯಾರ ಮಧ್ಯೆ? ಹೊಸ ಕರಾರು ಬಂದ್ಮೇಲೆ ಹಳೇದರ ಕಥೆ ಏನು? ಇವತ್ತು ಅದನ್ನೇ ನೋಡೋಣ.

ಮೊದಲು ಹಳೇದು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಇಸ್ರಾಯೇಲ್ಯರು ಸೀನಾಯಿ ಬೆಟ್ಟದ ಬುಡದಲ್ಲಿ ಸೇರ್ತಾರೆ. ಮೋಶೆ ದೇವರ ಆಜ್ಞೆಗಳನ್ನು ಓದಿ ಹೇಳ್ತಾನೆ, ಜನ ಒಪ್ಕೊಳ್ತಾರೆ. ಬಲಿಯ ರಕ್ತದಲ್ಲಿ ಅರ್ಧವನ್ನು ಯಜ್ಞವೇದಿಗೆ ಹಾಕಿ, ಉಳಿದದ್ದನ್ನು ಜನರ ಮೇಲೆ ಚಿಮುಕಿಸ್ತಾನೆ. ಅದೇ ಸಹಿ ಅಂದ್ಕೊಳ್ಳಿ. ಷರತ್ತೂ ಸ್ಪಷ್ಟ: ಪಾಲಿಸಿದ್ರೆ ಆಶೀರ್ವಾದ, ಮುರಿದ್ರೆ ಶಾಪ.

ಜನ ಮುರೀತಾರೆ. ಕ್ರಿ.ಪೂ. 6ನೇ ಶತಮಾನದಲ್ಲಿ ಬ್ಯಾಬಿಲೋನಿನ ಸೈನ್ಯ ಯೆರೂಸಲೇಮನ್ನು ನಾಶ ಮಾಡುತ್ತೆ. ಆ ಕಾಲದ ಪ್ರವಾದಿ ಯೆರೆಮೀಯ. ದೇವರು ಹೊಸ ಒಡಂಬಡಿಕೆ ಮಾಡ್ತಾನೆ, ಈ ಸಲ ನಿಯಮವನ್ನು ಜನರ ಹೃದಯದ ಮೇಲೇ ಬರೀತಾನೆ, ಪಾಪ ಕ್ಷಮಿಸ್ತಾನೆ ಅನ್ನೋ ಭರವಸೆ ಅವನ ಗ್ರಂಥದ 31ನೇ ಅಧ್ಯಾಯದಲ್ಲಿದೆ. ಗಮನಿಸಿ, ‘ಹೊಸ ಒಡಂಬಡಿಕೆ’ ಅನ್ನೋ ಮಾತು ಹುಟ್ಟಿದ್ದೇ ಹಳೆಯ ಒಡಂಬಡಿಕೆಯ ಒಳಗೆ!

ಕಡೇ ಭೋಜನದಲ್ಲಿ ಯೇಸು ಪಾತ್ರೆ ಹಿಡಿದು ತನ್ನ ರಕ್ತದ ಮೂಲಕ ಆಗುವ ಹೊಸ ಒಡಂಬಡಿಕೆಯ ಬಗ್ಗೆ ಹೇಳಿದ ಅಂತ ಲೂಕ ಬರೆದಿದ್ದಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸೋದು ‘ಇಬ್ರಿಯರಿಗೆ’ ಅನ್ನೋ ಪತ್ರಿಕೆ. ಅಲ್ಲಿ ಮಹಾಯಾಜಕ ವರ್ಷಕ್ಕೊಮ್ಮೆ ರಕ್ತ ತಗೊಂಡು ಗರ್ಭಗುಡಿಗೆ ಹೋಗ್ಬೇಕು, ಪ್ರತಿ ವರ್ಷ ಮತ್ತೆ ಅದೇ. ಇಲ್ಲಿ ಕ್ರಿಸ್ತನ ಬಲಿ ಒಂದೇ ಸಲ, ಎಲ್ಲ ಕಾಲಕ್ಕೂ ಸಾಕು. ಇನ್ನೊಂದು ಮಜಾ ಇದೆ. ಒಡಂಬಡಿಕೆಗೆ ಗ್ರೀಕಿನಲ್ಲಿ ಬಳಸಿದ ‘ದಿಯಾಥೇಕೆ’ ಪದಕ್ಕೆ ಉಯಿಲು ಅನ್ನೋ ಅರ್ಥವೂ ಇದೆ. ಬರೆದವರು ಸತ್ತ ಮೇಲೆ ತಾನೇ ವಿಲ್ ಜಾರಿಗೆ ಬರೋದು? ಯೇಸುವಿನ ಮರಣ ಯಾಕೆ ಬೇಕಾಯ್ತು ಅನ್ನೋದಕ್ಕೆ ಪತ್ರಿಕೆ ಈ ವಾದವನ್ನೂ ಕೊಡುತ್ತೆ.

ಈಗ ಕಷ್ಟದ ಪ್ರಶ್ನೆ. ಬಿಕಾಂನಲ್ಲಿ ಕಾಂಟ್ರಾಕ್ಟ್ ಆಕ್ಟ್ ಓದಿದವರಿಗೆ 62ನೇ ಸೆಕ್ಷನ್ ನೆನಪಿರಬಹುದು: ಎರಡೂ ಕಡೆಯವರು ಒಪ್ಪಿ ಹಳೆ ಕರಾರಿನ ಜಾಗದಲ್ಲಿ ಹೊಸದು ಮಾಡಿದ್ರೆ ಹಳೇದನ್ನು ಪಾಲಿಸಬೇಕಿಲ್ಲ. ಇದೂ ಹಾಗೇನಾ?

2ನೇ ಶತಮಾನದಲ್ಲಿ ಮಾರ್ಸಿಯನ್ ಅನ್ನೋನು ಹೌದು ಅಂದ, ಯೆಹೂದ್ಯರ ಗ್ರಂಥಗಳೇ ಬೇಡ ಅಂದ. ಸಭೆ ಅವನನ್ನೇ ಹೊರಗೆ ಹಾಕಿತು. ಯಾಕಂದ್ರೆ ಮತ್ತಾಯನ ಸುವಾರ್ತೆಯಲ್ಲಿ ಯೇಸು, ತಾನು ಧರ್ಮಶಾಸ್ತ್ರವನ್ನು ರದ್ದು ಮಾಡೋಕಲ್ಲ, ನೆರವೇರಿಸೋಕೆ ಬಂದವನು ಅಂತಾನೆ. ಇನ್ನೊಂದು ಕಡೆ ‘ಇಬ್ರಿಯರಿಗೆ’ ಪತ್ರಿಕೆ, ಮೊದಲನೇದು ಹಳೇದಾಗಿ ಮರೆಯಾಗೋ ಹಂತದಲ್ಲಿದೆ ಅನ್ನುತ್ತೆ. ಪೌಲನೋ, ದೇವರು ಇಸ್ರಾಯೇಲಿಗೆ ಕೊಟ್ಟ ವರಗಳನ್ನು ವಾಪಸ್ ತಗೊಳ್ಳಲ್ಲ ಅಂತಾನೆ.

ಇದು ಬರೀ ಪಂಡಿತರ ಚರ್ಚೆ ಅಲ್ಲ. ‘ಕರಾರು ರದ್ದಾಗಿದೆ, ದೇವರು ಯೆಹೂದ್ಯರನ್ನು ಕೈಬಿಟ್ಟಿದ್ದಾನೆ’ ಅನ್ನೋ ಬೋಧನೆ ಯುರೋಪಿನಲ್ಲಿ ಶತಮಾನಗಳ ಕಾಲ ಅವರ ಮೇಲಿನ ದ್ವೇಷಕ್ಕೆ ನೆಪವಾಯ್ತು. ಹಿಟ್ಲರನ ಕಾಲದ ನರಮೇಧ ಆದ್ಮೇಲೆ, 1965ರಲ್ಲಿ ಕ್ಯಾಥೊಲಿಕ್ ಸಭೆ ‘ನೋಸ್ತ್ರಾ ಎತಾತೆ’ ಘೋಷಣೆಯಲ್ಲಿ ಪೌಲನ ಆ ಮಾತಿಗೇ ಮರಳಿತು: ಯೆಹೂದ್ಯರನ್ನು ದೇವರು ತಿರಸ್ಕರಿಸಿದವರು, ಶಪಿಸಿದವರು ಅಂತ ಬಿಂಬಿಸಬಾರದು ಅಂತ ಹೇಳಿತು. ಹೊಸದು ಹಳೇದನ್ನು ತೆಗೆದುಹಾಕ್ತಾ, ಪೂರ್ತಿ ಮಾಡ್ತಾ ಅನ್ನೋದ್ರಲ್ಲಿ ಸಭೆಗಳ ನಡುವೆ ಇವತ್ತಿಗೂ ಭಿನ್ನಾಭಿಪ್ರಾಯ ಇದೆ. ಯೆಹೂದ್ಯರಿಗಂತೂ ಸೀನಾಯಿಯ ಒಡಂಬಡಿಕೆ ಯಾವತ್ತೂ ‘ಹಳೇದು’ ಆಗಿಲ್ಲ.

ಕೊನೇದಾಗಿ ಒಂದು ಮಾತು. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಅನ್ನೋದು ಯೇಸುವಿನ ಹೊಸ ಬೋಧನೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅದು ಇರೋದು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ, ಅಂದ್ರೆ ಹಳೇದ್ರಲ್ಲೇ. ಯೇಸು ಅದನ್ನು ಅಲ್ಲಿಂದಲೇ ಎತ್ತಿ ಹೇಳಿದ್ದು.

ಮುಂದಿನ ಎಪಿಸೋಡಲ್ಲಿ ಸಿಗೋಣ.