ದಂಡನೆಯ ತಕ್ಕಡಿ

ಹುಲಿಕಲ್ಲಿನಂತಹ ಮಲೆನಾಡಿನ ಊರೊಂದರಲ್ಲಿ ಅಡಕೆ ತೋಟದ ಬೇಲಿಗಾಗಿ ನೆರೆಯವರಿಬ್ಬರು ಜಗಳವಾಡಿದರೆಂದು ಭಾವಿಸೋಣ. ಮಾತಿಗೆ ಮಾತು ಬೆಳೆದು ಒಬ್ಬನ ಕೈಗತ್ತಿ ಇನ್ನೊಬ್ಬನ ಪ್ರಾಣವನ್ನು ತೆಗೆಯಿತು. ಮತ್ತೊಂದು ಊರಿನಲ್ಲಿ ಒಬ್ಬನು ಆಸ್ತಿಯ ಆಸೆಯಿಂದ ತಿಂಗಳುಗಟ್ಟಲೆ ಹೊಂಚುಹಾಕಿ, ತನ್ನನ್ನು ನಂಬಿದವರಿಗೇ ವಿಷವಿಕ್ಕಿದನು. ಸತ್ತವರ ಮನೆಯವರಿಗೆ ಎರಡೂ ಒಂದೇ ದುಃಖ. ನ್ಯಾಯಾಸ್ಥಾನಕ್ಕೆ ಮಾತ್ರ ಇವೆರಡೂ ಒಂದೇ ಅಲ್ಲ. ಹಠಾತ್ತನೆ ಎದ್ದ ಕಾದಾಟದಲ್ಲಿ ನಡೆದ ಹತ್ಯೆಯನ್ನು ಕಾನೂನು ಕೆಲವೊಮ್ಮೆ ಕೊಲೆಯೆಂದೇ ಎಣಿಸುವುದಿಲ್ಲ. ಎರಡನೆಯದಾದರೋ ಕೊಲೆ, ಅದರಲ್ಲಿಯೂ ಘೋರವಾದುದು. ಮೊದಲೇ ಹೂಡಿದ ಸಂಚು, ವಿಶ್ವಾಸದ್ರೋಹ, ವಿಪರೀತ ಕ್ರೌರ್ಯ, ಅಸಹಾಯಕರ ಮೇಲೆ ಎತ್ತಿದ ಕೈ ಮುಂತಾಗಿ ಅಪರಾಧದ ಭಾರವನ್ನು ಹೆಚ್ಚಿಸುವ ಸಂಗತಿಗಳಿಗೆ ಉಲ್ಬಣಕಾರಿ ಸಂದರ್ಭಗಳೆಂದು ಹೆಸರು.

ಕೊಲೆಗೆ ನಮ್ಮ ದೇಶದಲ್ಲಿ ಜುಲ್ಮಾನೆಯಲ್ಲದೆ ಮರಣದಂಡನೆ ಇಲ್ಲವೆ ಜೀವಾವಧಿ ಶಿಕ್ಷೆ ಉಂಟು. 1955ಕ್ಕೆ ಮೊದಲು, ಗಲ್ಲು ವಿಧಿಸದ ನ್ಯಾಯಾಧೀಶನು ಏಕೆ ವಿಧಿಸಲಿಲ್ಲವೆಂದು ಕಾರಣ ಬರೆಯಬೇಕಾಗಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯು ಇದನ್ನು ತಲೆಕೆಳಗು ಮಾಡಿ, ಗಲ್ಲು ವಿಧಿಸುವವನೇ ವಿಶೇಷ ಕಾರಣ ಕೊಡಬೇಕೆಂದಿತು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. 1980ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಮರಣದಂಡನೆ ಸಲ್ಲುವುದೆಂದು ಹೇಳಿತು. ಕೃತ್ಯವನ್ನು ನೋಡಿದರೆ ಸಾಲದು, ಕೃತ್ಯವೆಸಗಿದವನನ್ನೂ ನೋಡಬೇಕು. ಅವನ ವಯಸ್ಸು, ಮನಃಸ್ಥಿತಿ, ತಿದ್ದಿಕೊಳ್ಳುವ ಸಾಧ್ಯತೆ ಇವೆಲ್ಲವೂ ತಕ್ಕಡಿಯ ಇನ್ನೊಂದು ತಟ್ಟೆಗೆ ಬರಬೇಕು.

ಈ ತೂಗುವಿಕೆ ಎಷ್ಟು ಕಠಿನವೆಂಬುದಕ್ಕೆ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಮೊಕದ್ದಮೆಯೇ ಸಾಕ್ಷಿ. 1991ರಲ್ಲಿ ಅವನು ಆಸ್ತಿಯ ಲೋಭದಿಂದ ಹೆಂಡತಿಗೆ ಮತ್ತುಬರಿಸುವ ಔಷಧ ಕೊಟ್ಟು, ಮರದ ಪೆಟ್ಟಿಗೆಯಲ್ಲಿಟ್ಟು, ಮನೆಯ ಅಂಗಳದಲ್ಲಿಯೇ ಹೂತನು. ವಿಚಾರಿಸಿದವರಿಗೆ ಸುಳ್ಳು ಹೇಳುತ್ತ ಮೂರು ವರ್ಷ ಕಳೆದನು. 1994ರಲ್ಲಿ ಅವಶೇಷಗಳು ಹೊರಬಂದವು. ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು. ಉಚ್ಚ ನ್ಯಾಯಾಲಯ ಅದನ್ನು ಸ್ಥಿರಪಡಿಸಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲನ್ನೂ ಇನ್ನೊಬ್ಬರು ಜೀವಾವಧಿಯನ್ನೂ ಹೇಳಿದರು. ಒಂದೇ ಸಾಕ್ಷ್ಯವನ್ನು ಓದಿದವರು ಒಬ್ಬನ ಪ್ರಾಣದ ವಿಷಯದಲ್ಲಿ ಹೀಗೆ ಭಿನ್ನರಾದುದು ಯೋಚಿಸತಕ್ಕ ಸಂಗತಿ.

2008ರ ಜುಲೈ ತಿಂಗಳಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. ಕೃತ್ಯ ಘೋರವೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ನೆರವೇರಿದ ಮರಣದಂಡನೆಯನ್ನು ಹಿಂತೆಗೆಯಲಾಗದು. ಆದುದರಿಂದ ಮನಸ್ಸಿನಲ್ಲಿ ಎಳ್ಳಷ್ಟು ಹಿಂಜರಿಕೆಯಿದ್ದರೂ ಅದನ್ನು ವಿಧಿಸಲಾಗದೆಂದರು. ಹಾಗೆಂದು ಕೆಲವು ವರ್ಷಗಳಲ್ಲಿ ಬಿಡುಗಡೆಯಾಗಬಹುದಾದ ಸಾಮಾನ್ಯ ಜೀವಾವಧಿಯೂ ಸಾಲದೆಂದು ಕಂಡಿತು. ಬದುಕಿರುವವರೆಗೆ ಸೆರೆಯಿಂದ ಬಿಡುಗಡೆಯಿಲ್ಲವೆಂದು ಆಜ್ಞಾಪಿಸಿದರು. ಈ ನಡುದಾರಿಯನ್ನು 2015ರಲ್ಲಿ ಸಂವಿಧಾನ ಪೀಠವು ಬಹುಮತದಿಂದ ಒಪ್ಪಿತು. ಆದರೆ ಅದನ್ನು ವಿಧಿಸುವ ಅಧಿಕಾರ ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳಿಗೆ ಮಾತ್ರ ಎಂದಿತು.

ಉಲ್ಬಣಕಾರಿ ಸಂಗತಿಗಳು ಪೊಲೀಸರ ಕಡತದಲ್ಲಿ ಎದ್ದು ಕಾಣುತ್ತವೆ. ಆರೋಪಿಯ ಬಾಲ್ಯ, ಬಡತನ, ಕಾಯಿಲೆಗಳನ್ನು ಹುಡುಕಿ ಹೇಳುವವರಾದರೋ ವಿರಳ. ಇದನ್ನರಿತು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಲ್ಲು ವಿಧಿಸಬಹುದಾದ ಪ್ರಕರಣಗಳಲ್ಲಿ ಆರೋಪಿಯ ಮನಃಸ್ಥಿತಿ, ಕುಟುಂಬದ ಹಿನ್ನೆಲೆ ಹಾಗೂ ಸೆರೆಮನೆಯ ನಡತೆಯ ವಿವರಗಳನ್ನು ವಿಚಾರಣೆಯ ಹಂತದಲ್ಲಿಯೇ ತರಿಸಬೇಕೆಂದು ನಿರ್ದೇಶಿಸಿತು.